ಹಸುಗೂಸುಗಳಿಗೆ ಎಳವೆಯಲ್ಲಿ ಶೌಚದ ಅಭ್ಯಾಸ: ಪೋಷಕರ ಮಾಹಿತಿಗಾಗಿ

ಹಾಲು ಕುಡಿಯುವ ಕೂಸನ್ನು ಕಾಲುಗಳ ಮೇಲೆ ಕೂರಿಸಿಕೊಂಡು ಮಲಮೂತ್ರ ವಿಸರ್ಜನೆ ಮಾಡಿಸುವ ಪದ್ಧತಿಯು ಕರ್ನಾಟಕದ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ನಗರ ಪ್ರದೇಶದ ಪೋಷಕರಲ್ಲಿ ಈ ಪದ್ಧತಿಯ ಬಗ್ಗೆ ಎರಡು ಬಗೆಯ ಸಂದೇಹಗಳು ಕಂಡುಬರುತ್ತಿವೆ. ಅಷ್ಟು ಎಳೆಯ ವಯಸ್ಸಿನಲ್ಲಿ ಕೂರಿಸುವುದರಿಂದ ಮಗುವಿಗೆ ತೊಂದರೆಯಾಗುವುದೇ ಎಂಬುದು ಒಂದು. ಕೂರಿಸದಿದ್ದಲ್ಲಿ ಮಗುವು ಅಭ್ಯಾಸದಲ್ಲಿ ಹಿಂದೆ ಬಿದ್ದು, ಮುಂದೆ ಅಂಗನವಾಡಿ ಅಥವಾ ಶಿಶುವಿಹಾರದ ಪ್ರವೇಶಕ್ಕೆ ಅಡ್ಡಿಯಾಗುವುದೇ ಎಂಬುದು ಇನ್ನೊಂದು. ಈ ಎರಡು ಸಂದೇಹಗಳಿಗೂ, ಪೋಷಕರು ಸಾಮಾನ್ಯವಾಗಿ ಕೇಳದಿರುವ ಆದರೆ ಅವೆರಡಕ್ಕಿಂತ ಮುಖ್ಯವಾದ ಮೂರನೆಯ ವಿಷಯಕ್ಕೂ, ಅಂದರೆ ಮಗುವಿನ ಮಲವನ್ನು ಎಲ್ಲಿ ಹಾಕಬೇಕು ಎಂಬುದಕ್ಕೂ, ಸಂಬಂಧಿಸಿದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೆರೆಯ ಹೆಸರನ್ನೇ ಊರಿನ ಹೆಸರಾಗಿ ಉಳಿಸಿಕೊಂಡಿರುವ ಈ ಗ್ರಾಮವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದ ಸಂದರ್ಭದಲ್ಲಿ ನಗರದೊಳಗೆ ಸೇರ್ಪಡೆಗೊಂಡು, ನಂತರ 194ನೇ ವಾರ್ಡ್ ಎನಿಸಿತು. (2025ರಲ್ಲಿ ಸದರಿ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ಅರ್ಜಿಗಳಲ್ಲಿ ಹಳೆಯ ವಾರ್ಡ್ ಸಂಖ್ಯೆಯನ್ನಷ್ಟೇ ಬರೆಯದೆ ಪೂರ್ಣ ವಿಳಾಸವನ್ನು ನಮೂದಿಸುವುದು ಸೂಕ್ತ.) ಇಂತಹ ಪ್ರದೇಶಗಳಲ್ಲಿ ಹಳೆಯ ಊರಿನ ಮನೆಗಳು, ಬಾಡಿಗೆಯ ವಠಾರಗಳು, ಕಟ್ಟಡ ಕಾರ್ಮಿಕರ ಶೆಡ್ಡುಗಳು ಹಾಗೂ ಬಹುಮಹಡಿ ವಸತಿ ಸಮುಚ್ಚಯಗಳು ಒಂದೇ ಬೀದಿಯ ಅಂತರದಲ್ಲಿರುತ್ತವೆ. ಅಜ್ಜಿ ಜೊತೆಗಿರುವ ಮನೆಯಲ್ಲಿ ಕೂಸನ್ನು ಕಾಲ ಮೇಲೆ ಕೂರಿಸುವ ರೂಢಿ ಮುಂದುವರೆಯುತ್ತದೆ. ಪಕ್ಕದ ಸಮುಚ್ಚಯದಲ್ಲಿ ದುಡಿಯುವ ದಂಪತಿಗಳ ಮಗು ದಿನವಿಡೀ ಡೈಪರ್‌ನಲ್ಲಿರುತ್ತದೆ. ಬಹುಪಾಲು ಬಾಣಂತಿಯರು ಈ ಎರಡೂ ಸ್ಥಿತಿಗಳನ್ನು ಒಂದರ ನಂತರ ಒಂದರಂತೆ ಕಾಣುತ್ತಾರೆ. ತವರಿನಲ್ಲಿ ಬಾಣಂತನ ನಡೆದಷ್ಟು ಕಾಲ ತಾಯಿಯ ತಾಯಿ ಕೂಸನ್ನು ಕೂರಿಸಿರುತ್ತಾರೆ. ಮೂರನೆಯ ಅಥವಾ ಐದನೆಯ ತಿಂಗಳಿನಲ್ಲಿ ಗಂಡನ ಮನೆಗೆ ಮರಳಿದ ಮೇಲೆ ಆ ಕೈಗಳು ಇರುವುದಿಲ್ಲ. ಅಭ್ಯಾಸವು ಅಲ್ಲಿಗೇ ನಿಂತುಹೋಗುತ್ತದೆ. ಹೀಗೆ ನಿಂತುಹೋಗುವುದು ತಾಯಿಯ ತಪ್ಪಲ್ಲ ಎಂಬುದನ್ನು ಮೊದಲಿಗೇ ಸ್ಪಷ್ಟಪಡಿಸುವುದು ಅಗತ್ಯ.

ಪದ್ಧತಿಯ ಸ್ವರೂಪ

ಕೂಸು ಮಲಮೂತ್ರ ವಿಸರ್ಜಿಸುವ ಹೊತ್ತನ್ನು ಹಾಗೂ ಅದಕ್ಕೆ ಮೊದಲು ತೋರುವ ಲಕ್ಷಣಗಳನ್ನು ಹಿರಿಯರು ಗಮನಿಸಿ, ಆ ಹೊತ್ತಿಗೆ ಸರಿಯಾಗಿ ಕೂರಿಸಿ, ‘ಸ್‌ಸ್’ ಎಂಬ ಶಬ್ದ ಮಾಡುವುದೇ ಈ ಪದ್ಧತಿಯ ತಿರುಳು. ಕೆಲವು ವಾರಗಳಲ್ಲಿ ಕೂಸು ಆ ಭಂಗಿಯನ್ನೂ ಶಬ್ದವನ್ನೂ ವಿಸರ್ಜನೆಯೊಂದಿಗೆ ಜೋಡಿಸಿಕೊಳ್ಳುತ್ತದೆ. ಇದನ್ನು ಕಲಿಕೆಯೆಂದು ಕರೆಯುವುದಾದರೆ ಮೊದಲ ತಿಂಗಳುಗಳಲ್ಲಿ ಕಲಿಯುವವರು ಹೆಚ್ಚಾಗಿ ದೊಡ್ಡವರೇ. ಮೂತ್ರವನ್ನು ಬೇಕೆಂದಾಗ ತಡೆಹಿಡಿಯುವ, ಬೇಕೆಂದಾಗ ಬಿಡುವ ಹತೋಟಿಯು ಬಹುಪಾಲು ಮಕ್ಕಳಲ್ಲಿ ಒಂದೂವರೆ ವರ್ಷದ ನಂತರ ಕ್ರಮೇಣ ಗಟ್ಟಿಯಾಗುತ್ತದೆ. ಆದ್ದರಿಂದ ನಾಲ್ಕು ತಿಂಗಳ ಕೂಸು ಕಾಲ ಮೇಲೆ ಕೂರಿಸಿದಾಗ ಮಲ ವಿಸರ್ಜಿಸಿತೆಂದರೆ ಅದು ಪೂರ್ಣ ಹತೋಟಿ ಸಾಧಿಸಿದೆ ಎಂದು ಅರ್ಥವಲ್ಲ. ಕೂರಿಸಿದರೂ ವಿಸರ್ಜಿಸದೆ ಎತ್ತಿಕೊಂಡ ಕೂಡಲೇ ಸೀರೆ ತೋಯಿಸಿತೆಂದರೆ ಅದು ಹಠವೂ ಅಲ್ಲ.

ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ರೂಢಿಯಲ್ಲ. ಪೂರ್ವ ಆಫ್ರಿಕಾದ ಡಿಗೋ ಸಮುದಾಯದ ತಾಯಂದಿರು ಕೂಸನ್ನು ಮೊದಲ ವಾರಗಳಿಂದಲೇ ತಮ್ಮ ಕಾಲುಗಳ ನಡುವೆ ಕೂರಿಸಿ, ಐದಾರು ತಿಂಗಳ ಹೊತ್ತಿಗೆ ಮಗು ತೋಯಿಸಿಕೊಳ್ಳದಿರುವುದನ್ನು ನಿರೀಕ್ಷಿಸುತ್ತಾರೆಂದು 1977ರಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆ ‘ಪೀಡಿಯಾಟ್ರಿಕ್ಸ್’ನಲ್ಲಿ ಡಿವ್ರೀಸ್ ದಂಪತಿಗಳು ವರದಿ ಮಾಡಿದರು. ವಿಯೆಟ್ನಾಂನ ತಾಯಂದಿರು ಸಿಳ್ಳೆಯ ಶಬ್ದ ಬಳಸುವ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವಿದೆ. ಇದಕ್ಕೆ ವ್ಯತಿರಿಕ್ತವಾದ ದಾರಿಯನ್ನು ಅಮೆರಿಕದ ವೈದ್ಯ ಟಿ. ಬೆರ್ರಿ ಬ್ರೇಝಲ್ಟನ್ ಅವರು ಅದೇ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ 1962ರಲ್ಲಿ ಸೂಚಿಸಿದ್ದರು. 1170 ಮಕ್ಕಳ ದಾಖಲೆಗಳನ್ನು ಆಧರಿಸಿ, ಸುಮಾರು ಹದಿನೆಂಟು ತಿಂಗಳವರೆಗೆ ಕಾದು, ಮಗುವು ಸಿದ್ಧವಾದ ಲಕ್ಷಣ ಕಂಡಮೇಲೆ ಆರಂಭಿಸಬೇಕೆಂಬುದು ಅವರ ಅಭಿಪ್ರಾಯ. ಇಂದು ನಗರದ ಮಕ್ಕಳ ತಜ್ಞರು ನೀಡುವ ಸಲಹೆಯಲ್ಲಿ ಬಹುಮಟ್ಟಿಗೆ ಈ ಅಭಿಪ್ರಾಯವೇ ಇರುತ್ತದೆ. ಅಜ್ಜಿಯ ಮಾತಿಗೂ ವೈದ್ಯರ ಮಾತಿಗೂ ತಾಳೆಯಾಗುವುದಿಲ್ಲ ಎಂದು ಗಾಬರಿಪಡುವ ಕಾರಣವಿಲ್ಲ. ಅಜ್ಜಿ ಹೇಳುವುದು ಕೂಸಿನ ಹೊತ್ತನ್ನು ಅರಿಯುವ ಬಗ್ಗೆ. ವೈದ್ಯರು ಹೇಳುವುದು ಮಗು ತಾನಾಗಿಯೇ ಹೇಳಿ, ನಡೆದು, ಕುಳಿತುಕೊಳ್ಳುವ ಬಗ್ಗೆ. ಒಂದನ್ನು ಆಚರಿಸಿದ ಮನೆಯಲ್ಲಿ ಇನ್ನೊಂದು ಬೇಡವೆಂದಾಗುವುದಿಲ್ಲ.

ಅನುಸರಿಸಬೇಕಾದ ಕ್ರಮ

ಮೊದಲು ಮೂರು ನಾಲ್ಕು ದಿನ ಕೂಸನ್ನು ಹಗಲಿನಲ್ಲಿ ಡೈಪರ್ ಇಲ್ಲದೆ, ಹಳೆಯ ಪಂಚೆ ಅಥವಾ ಹತ್ತಿ ಸೀರೆಯ ತುಂಡಿನ ಮೇಲೆ ಮಲಗಿಸಿ ಗಮನಿಸುವುದು ಒಳ್ಳೆಯದು. ನಿದ್ರೆಯಿಂದ ಎದ್ದ ಕೂಡಲೇ ಮೂತ್ರ ಮಾಡುವುದು, ಹಾಲು ಕುಡಿಯುತ್ತಿರುವಾಗ ಅಥವಾ ಕುಡಿದ ಕೆಲವು ನಿಮಿಷಗಳಲ್ಲಿ ಮಲ ವಿಸರ್ಜಿಸುವುದು ಬಹುಪಾಲು ಕೂಸುಗಳಲ್ಲಿ ಕಂಡುಬರುತ್ತದೆ. ಹೊಟ್ಟೆಗೆ ಹಾಲು ಬಿದ್ದೊಡನೆ ಕರುಳು ಚಲಿಸುವುದು ದೇಹದ ಸಹಜ ಕ್ರಿಯೆ. ಮುಖ ಕೆಂಪಾಗುವುದು, ಆಡುತ್ತಿದ್ದ ಕೂಸು ಇದ್ದಕ್ಕಿದ್ದಂತೆ ಸ್ತಬ್ಧವಾಗುವುದು, ಕಾಲು ಮಡಚಿ ಮುಕ್ಕುವುದು, ಮೊಲೆಯನ್ನು ಹಿಡಿಯುತ್ತಾ ಬಿಡುತ್ತಾ ಇರುವುದು ಮುಂತಾದವು ಲಕ್ಷಣಗಳು. ಎಲ್ಲ ಕೂಸುಗಳೂ ಒಂದೇ ಲಕ್ಷಣ ತೋರುವುದಿಲ್ಲ. ಕೆಲವು ಏನನ್ನೂ ತೋರುವುದಿಲ್ಲ. ಅಂತಹ ಕೂಸುಗಳ ವಿಷಯದಲ್ಲಿ ಎದ್ದ ಹೊತ್ತು ಮತ್ತು ಹಾಲಿನ ಹೊತ್ತುಗಳನ್ನಷ್ಟೇ ನೆಚ್ಚಿಕೊಳ್ಳಬೇಕಾಗುತ್ತದೆ.

ಕುತ್ತಿಗೆ ನಿಲ್ಲದ ಕೂಸನ್ನು, ಅಂದರೆ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳವರೆಗೆ, ಪಾದಗಳ ಮೇಲೆ ನೇರವಾಗಿ ಕೂರಿಸಬಾರದು. ಕೂಸಿನ ಬೆನ್ನು ಮತ್ತು ತಲೆ ದೊಡ್ಡವರ ಎದೆಗೆ ಅಥವಾ ಮುಂಗೈಗೆ ಆತುಕೊಂಡಿರುವಂತೆ ಒರಗಿಸಿ, ಎರಡು ತೊಡೆಗಳನ್ನು ಕೆಳಗಿನಿಂದ ಮೆಲ್ಲಗೆ ಹಿಡಿದು, ಮಂಡಿಗಳು ಸೊಂಟಕ್ಕಿಂತ ತುಸು ಮೇಲೆ ಬರುವಂತೆ ಎತ್ತಿ ಹಿಡಿಯಬೇಕು. ಕುತ್ತಿಗೆ ನಿಂತ ನಂತರ, ಗೋಡೆಗೆ ಒರಗಿ ಮಣೆಯ ಮೇಲೆ ಕುಳಿತು, ಎರಡು ಪಾದಗಳನ್ನು ತುಸು ಅಗಲಿಸಿ, ಕೂಸನ್ನು ಅವುಗಳ ಮೇಲೆ ಎದುರುಮುಖವಾಗಿ ಕೂರಿಸುವ ರೂಢಿಯ ಕ್ರಮವು ಸರಿಯಾದುದೇ. ಎಣ್ಣೆ ಹಚ್ಚಿ ನೀರು ಹಾಕಿದ ಕೂಡಲೇ ಕೂಸಿನ ಮೈ ಜಾರುವುದರಿಂದ ಆ ಹೊತ್ತಿನಲ್ಲಿ ಕೂರಿಸುವುದು ಬೇಡ. ತಾನಾಗಿ ಕುಳಿತುಕೊಳ್ಳುವ ವಯಸ್ಸಿನಲ್ಲಿ ಸಣ್ಣ ಪಾಟಿಯನ್ನು ಬಳಸಬಹುದು. ಅದರಲ್ಲಿ ಕುಳಿತಾಗ ಮಗುವಿನ ಪಾದಗಳು ನೆಲಕ್ಕೆ ತಾಗುವಂತಿರಬೇಕು. ಬೆಳಕು ಬರುವ ಬೊಂಬೆ, ಹಾಡು ಇತ್ಯಾದಿಗಳಿರುವ ದುಬಾರಿ ಪಾಟಿಗಳಿಂದ ವಿಶೇಷ ಪ್ರಯೋಜನವಿಲ್ಲ.

ಒಂದು ಸಾರಿಗೆ ಎರಡು ಮೂರು ನಿಮಿಷ ಸಾಕು. ಕೂಸು ಬೆನ್ನು ಸೆಟೆಸಿದರೆ, ಅತ್ತರೆ, ಕೂಡಲೇ ಎತ್ತಿಕೊಳ್ಳಬೇಕು. ರಾತ್ರಿ ನಿದ್ರಿಸುತ್ತಿರುವ ಕೂಸನ್ನು ಇದಕ್ಕಾಗಿ ಎಬ್ಬಿಸುವ ಅಗತ್ಯವಿಲ್ಲ. ಬೆಳಿಗ್ಗೆ ಎದ್ದ ಹೊತ್ತು ಮತ್ತು ಹಾಲು ಕುಡಿದ ಹೊತ್ತು ಹೀಗೆ ದಿನಕ್ಕೆ ಎರಡು ಬಾರಿ ಕೂರಿಸಿ, ಉಳಿದ ಸಮಯ ಬಟ್ಟೆ ಅಥವಾ ಡೈಪರ್ ಬಳಸಿದರೂ ಅಭ್ಯಾಸ ಮುಂದುವರೆದಂತೆಯೇ ಆಗುತ್ತದೆ. ಕೆಲಸಕ್ಕೆ ಹೋಗುವ ತಾಯಂದಿರಿಗೆ ಇದೇ ಅನುಕೂಲಕರ. ಇದು ತಾಯಿಯೊಬ್ಬರ ಕೆಲಸವೆಂದು ಯಾವ ಶಾಸ್ತ್ರವೂ ಹೇಳಿರುವುದಿಲ್ಲ. ತಂದೆಯ ಪಾದಗಳ ಮೇಲೂ ಕೂಸು ಅಷ್ಟೇ ಚೆನ್ನಾಗಿ ಕುಳಿತುಕೊಳ್ಳುತ್ತದೆ.

ತೊಳೆಯಲು ಉಗುರುಬೆಚ್ಚಗಿನ ನೀರು ಸಾಕು. ಹೆಣ್ಣುಮಕ್ಕಳನ್ನು ಮುಂದಿನಿಂದ ಹಿಂದಕ್ಕೆ ತೊಳೆಯತಕ್ಕದ್ದು. ಹಿಂದಿನಿಂದ ಮುಂದಕ್ಕೆ ತೊಳೆದಲ್ಲಿ ಮೂತ್ರದ ಸೋಂಕು ತಗಲುವ ಸಂಭವವಿರುತ್ತದೆ.

ಮಲದ ವಿಲೇವಾರಿ ಮತ್ತು ಕೈತೊಳೆಯುವಿಕೆ

ಹಾಲು ಕುಡಿಯುವ ಕೂಸಿನ ಮಲದಿಂದ ದೋಷವಿಲ್ಲ ಎಂಬ ನಂಬಿಕೆಯು ವಿದ್ಯಾವಂತರ ಮನೆಗಳಲ್ಲಿಯೂ ಇರುತ್ತದೆ. ಈ ನಂಬಿಕೆ ತಪ್ಪು. ವಾಂತಿಭೇದಿ ಉಂಟುಮಾಡುವ ರೋಟಾವೈರಸ್ ಸೇರಿದಂತೆ ಹಲವು ರೋಗಾಣುಗಳು ಮಕ್ಕಳ ಮಲದಲ್ಲಿ ಹೇರಳವಾಗಿರುತ್ತವೆ. ಕೂಸು ಲಕ್ಷಣವಾಗಿ ಆಡಿಕೊಂಡಿದ್ದರೂ ಅದರ ಮಲದ ಮೂಲಕ ರೋಗವು ಅದೇ ಮನೆಯ ಮೂರು ವರ್ಷದ ಅಕ್ಕನಿಗೋ ಪಕ್ಕದ ಮನೆಯ ಕೂಸಿಗೋ ಹರಡಬಹುದು. ಕಾಲ ಮೇಲೆ ಕೂರಿಸುವ ಪದ್ಧತಿಯಲ್ಲಿ ಈ ವಿಷಯಕ್ಕೆ ಇನ್ನೂ ಹೆಚ್ಚಿನ ಮಹತ್ವವಿದೆ. ಡೈಪರ್‌ನಲ್ಲಿ ಮಲವು ಒಂದು ಕಡೆ ಉಳಿಯುತ್ತದೆ. ಕೂರಿಸಿದಾಗ ಅದು ನೆಲಕ್ಕೆ, ಕಾಗದಕ್ಕೆ ಅಥವಾ ಬಚ್ಚಲಿಗೆ ಬೀಳುತ್ತದೆ. ಕೂರಿಸಿದವರ ಪಾದಕ್ಕೂ ಕೈಗೂ ತಗಲುತ್ತದೆ. ಅದೇ ಕೈ ಮುಂದಿನ ಕೆಲಸಕ್ಕೆ ಹೋಗುತ್ತದೆ.

ಆದ್ದರಿಂದ ಮಗುವಿನ ಮಲವನ್ನು ವಯಸ್ಕರ ಮಲದಂತೆಯೇ ಶೌಚಾಲಯಕ್ಕೆ ಹಾಕಿ ನೀರು ಸುರಿಯತಕ್ಕದ್ದು. ಬಚ್ಚಲಿಗೆ ತೊಳೆದುಬಿಡುವುದು ವಿಲೇವಾರಿಯಲ್ಲ. ಹಳೆಯ ಊರಿನ ಭಾಗಗಳಲ್ಲಿಯೂ ವಠಾರಗಳಲ್ಲಿಯೂ ಅನೇಕ ಬಚ್ಚಲುಗಳ ನೀರು ಒಳಚರಂಡಿಗೆ ಸೇರದೆ ರಸ್ತೆಬದಿಯ ತೆರೆದ ಚರಂಡಿಗೆ ಹೋಗುತ್ತದೆ. ಆ ಚರಂಡಿ ಮಳೆನೀರು ಹರಿಯುವುದಕ್ಕಾಗಿ ಇರುವುದು. ಅದರಲ್ಲಿ ಬಿಟ್ಟದ್ದು ಮಳೆಗಾಲದಲ್ಲಿ ಕೆರೆಯ ದಾರಿ ಹಿಡಿಯುತ್ತದೆ. ಕಾಗದದಲ್ಲಿ ಸುತ್ತಿ ಖಾಲಿ ನಿವೇಶನಕ್ಕೆ ಎಸೆಯುವ ಪರಿಪಾಠವೂ ಇದೆ. ಅದೇ ನಿವೇಶನದಲ್ಲಿ ಸಂಜೆ ಮಕ್ಕಳು ಆಡುತ್ತಾರೆ.

ಕೂರಿಸುವಾಗ ಕೆಳಗೆ ಅಗಲ ಬಾಯಿಯ ಸಣ್ಣ ಪಾತ್ರೆಯನ್ನು ಅಥವಾ ಪಾಟಿಯನ್ನು ಇಟ್ಟುಕೊಂಡಲ್ಲಿ ಈ ಕೆಲಸ ಸುಲಭವಾಗುತ್ತದೆ. ಆ ಪಾತ್ರೆಯನ್ನು ಬೇರೆ ಯಾವುದಕ್ಕೂ ಬಳಸಬಾರದು. ಬಟ್ಟೆಯ ಲಂಗೋಟಿಯಾದಲ್ಲಿ ಗಟ್ಟಿ ಮಲವನ್ನು ಮೊದಲು ಶೌಚಾಲಯಕ್ಕೆ ಜಾಡಿಸಿ, ಮೊದಲ ನೀರನ್ನೂ ಅಲ್ಲಿಗೇ ಚೆಲ್ಲಿ, ಆನಂತರ ಸಾಬೂನು ಹಾಕಿ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಹಾಕಬೇಕು. ಮಳೆಗಾಲದಲ್ಲಿ ಬಿಸಿಲು ಸಿಗದ ದಿನಗಳಲ್ಲಿ ಇಸ್ತ್ರಿ ಹಾಕುವುದು ಒಳ್ಳೆಯದು. ಮಗುವನ್ನು ತೊಳೆದ ನಂತರ ಎರಡೂ ಕೈಗಳನ್ನು ಸಾಬೂನಿನಿಂದ ಇಪ್ಪತ್ತು ಸೆಕೆಂಡುಗಳಷ್ಟು ಕಾಲ ಉಜ್ಜಿ ತೊಳೆಯತಕ್ಕದ್ದು. ಬರಿಯ ನೀರು ಸಾಲದು. ನೀರಿನ ಕೊರತೆಯ ಕಾರಣದಿಂದ ಇದನ್ನು ಬಿಡಬಾರದು. ನಗರಕ್ಕೆ ಸೇರಿದ 110 ಹಳ್ಳಿಗಳ ಪ್ರದೇಶಕ್ಕಾಗಿ ಕಾವೇರಿ ಐದನೇ ಹಂತದ ಯೋಜನೆಯು 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿದ್ದರೂ, ಟ್ಯಾಂಕರ್ ನೀರನ್ನು ಅಳೆದು ಬಳಸುವ ಮನೆಗಳು ಇದ್ದೇ ಇರುತ್ತವೆ. ಕೈತೊಳೆಯಲು ಅರ್ಧ ಚೊಂಬು ನೀರು ಸಾಕಾಗುತ್ತದೆ.

ಮಗುವಿಗೆ ಭೇದಿಯಾದಲ್ಲಿ ನೀರು, ಹಾಲು ಕೊಡುವುದನ್ನು ನಿಲ್ಲಿಸಬಾರದು. ಎದೆಹಾಲನ್ನು ಇನ್ನೂ ಹೆಚ್ಚು ಬಾರಿ ಕುಡಿಸಿ, ಆಶಾ ಕಾರ್ಯಕರ್ತೆಯರ ಅಥವಾ ಆರೋಗ್ಯ ಕೇಂದ್ರದ ಮೂಲಕ ಓ.ಆರ್.ಎಸ್. ಪೊಟ್ಟಣ ಮತ್ತು ಸತುವಿನ ಮಾತ್ರೆಗಳನ್ನು ಪಡೆಯತಕ್ಕದ್ದು. ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ ಒಟ್ಟು 14 ದಿನಗಳ ಕಾಲ ಕೊಡಬೇಕು. ರೋಟಾವೈರಸ್ ಲಸಿಕೆಯನ್ನು 6, 10 ಮತ್ತು 14ನೇ ವಾರಗಳಲ್ಲಿ ಉಚಿತವಾಗಿ ಹಾಕಲಾಗುತ್ತದೆ. ತಾಯಿ ಕಾರ್ಡ್‌ನಲ್ಲಿ ಇದರ ನಮೂದನ್ನು ಪರಿಶೀಲಿಸಿಕೊಳ್ಳುವುದು.

ಡೈಪರ್ ಬಳಸುವ ಕುಟುಂಬಗಳಿಗೆ

ಡೈಪರ್ ಬಳಕೆಯು ತಪ್ಪೇನಲ್ಲ. ಆದರೆ ಅದರ ಲೆಕ್ಕವನ್ನು ಒಮ್ಮೆ ಹಾಕಿನೋಡುವುದು ಉಚಿತ. ಒಂದಕ್ಕೆ 10 ರೂ.ಗಳಂತೆ ದಿನಕ್ಕೆ ಐದು ಎಂದು ಹಿಡಿದರೆ ತಿಂಗಳಿಗೆ 1,500 ರೂ., ವರ್ಷಕ್ಕೆ 18,250 ರೂ. ಆಗುತ್ತದೆ. ಎರಡು ವರ್ಷಗಳಲ್ಲಿ 36,500 ರೂ. ಮತ್ತು 3,650 ಡೈಪರ್‌ಗಳು. ದಿನಕ್ಕೆ ಎರಡು ಬಾರಿ ಕೂರಿಸಿ ಎರಡು ಡೈಪರ್ ಉಳಿಸಿದಲ್ಲಿಯೂ ವರ್ಷಕ್ಕೆ 7,300 ರೂ. ಉಳಿಯುತ್ತದೆ.

ಹಣಕ್ಕಿಂತ ಮಿಗಿಲಾಗಿ, ಆ 3,650 ಡೈಪರ್‌ಗಳನ್ನು ಕೈಯಿಂದ ಎತ್ತುವವರು ಪೌರಕಾರ್ಮಿಕರು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಡೈಪರ್ ಅನ್ನು ನೈರ್ಮಲ್ಯ ತ್ಯಾಜ್ಯವೆಂದು ಹೆಸರಿಸಿ, ಸುತ್ತಿಯೇ ಕೊಡಬೇಕೆಂದು ವಿಧಿಸಲಾಯಿತು. ಬೆಂಗಳೂರಿನಲ್ಲಿ ರೂಢಿಗೆ ಬಂದ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯಲ್ಲಿ ಇದರ ಸ್ಥಾನ ಕೆಂಪು ಬುಟ್ಟಿ. ಗಟ್ಟಿ ಮಲವನ್ನು ಶೌಚಾಲಯಕ್ಕೆ ಹಾಕಿ, ಡೈಪರ್ ಅನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ, ಹೊರಗೆ ಕೆಂಪು ಗುರುತು ಹಾಕಿ ಪ್ರತ್ಯೇಕವಾಗಿ ನೀಡತಕ್ಕದ್ದು. ಹಸಿ ಕಸದೊಂದಿಗೆ ಬೆರೆಸಬಾರದು. ಶೌಚಾಲಯದ ಗುಂಡಿಗೂ ಹಾಕಬಾರದು.

ಬಲವಂತ ಬೇಡ, ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಮಗುವನ್ನು ಗದರಿಸಿ, ಹೆದರಿಸಿ, ಬಹಳ ಹೊತ್ತು ಒತ್ತಿ ಕೂರಿಸಿದಲ್ಲಿ, ವಿಶೇಷವಾಗಿ ಒಂದು ವರ್ಷ ದಾಟಿದ ಮಕ್ಕಳು, ಮಲವನ್ನು ತಡೆಹಿಡಿಯಲು ಕಲಿಯುತ್ತಾರೆ. ತಡೆಹಿಡಿದ ಮಲ ಗಟ್ಟಿಯಾಗಿ, ವಿಸರ್ಜಿಸುವಾಗ ನೋವಾಗಿ, ನೋವಿನ ಭಯದಿಂದ ಮತ್ತೆ ತಡೆಹಿಡಿಯುವ ಸುಳಿಯಲ್ಲಿ ಮಗು ಸಿಕ್ಕಿಬೀಳುತ್ತದೆ. ಇದನ್ನು ಸರಿಪಡಿಸಲು ತಿಂಗಳುಗಳೇ ಬೇಕಾಗಬಹುದು. ಹಲ್ಲು ಬರುವಾಗ, ಜ್ವರದಲ್ಲಿ, ಹೊಸ ಮನೆಗೆ ಹೋದಾಗ, ತಮ್ಮನೋ ತಂಗಿಯೋ ಹುಟ್ಟಿದಾಗ ಚೆನ್ನಾಗಿ ನಡೆಯುತ್ತಿದ್ದ ಅಭ್ಯಾಸ ಮುರಿಯುವುದು ಸಾಮಾನ್ಯ. ಅಂತಹ ಸಮಯದಲ್ಲಿ ಕೆಲವು ವಾರ ಬಿಟ್ಟು ಪುನಃ ಆರಂಭಿಸಬಹುದು. ಅಕ್ಕಪಕ್ಕದ ಮಕ್ಕಳೊಂದಿಗೆ ಹೋಲಿಸುವುದು ನಮ್ಮಲ್ಲಿ ಹೆಚ್ಚು; ಈ ವಿಷಯದಲ್ಲಿ ಅದರಿಂದ ಮಗುವಿಗೆ ಹಾನಿಯೇ ಹೊರತು ಲಾಭವಿಲ್ಲ.

ಕೂರಿಸುವ ಮನೆಯಲ್ಲಿ ಮಲಮೂತ್ರವನ್ನು ದೊಡ್ಡವರು ಪ್ರತಿದಿನ ಕಣ್ಣಾರೆ ನೋಡಿರುತ್ತಾರೆ. ಈ ನೋಟವೇ ಪದ್ಧತಿಯ ದೊಡ್ಡ ಉಪಯೋಗವೆಂದರೂ ಸಲ್ಲುತ್ತದೆ. ಮೊದಲ ವಾರ ಕಳೆದ ನಂತರ ದಿನಕ್ಕೆ ಆರಕ್ಕಿಂತ ಕಡಿಮೆ ಬಾರಿ ಮೂತ್ರ ಮಾಡುವ ಕೂಸಿಗೆ ಹಾಲು ಸಾಲುತ್ತಿಲ್ಲದಿರಬಹುದು. ಹುಟ್ಟಿದ 48 ಗಂಟೆಗಳಲ್ಲಿ ಮೊದಲ ಕಪ್ಪು ಮಲ ಹೋಗದಿರುವುದು, ಹೊಟ್ಟೆ ಉಬ್ಬುವುದು, ಮಲದಲ್ಲಿ ರಕ್ತ, ಗಂಡುಕೂಸಿನ ಮೂತ್ರ ಧಾರೆಯಾಗಿ ಬಾರದೆ ತೊಟ್ಟಿಕ್ಕುವುದು, ಮೂತ್ರ ಮಾಡುವಾಗಲೆಲ್ಲ ಚೀರುವುದು, ಇವುಗಳಲ್ಲಿ ಯಾವುದೇ ಕಂಡುಬಂದಲ್ಲಿ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಎರಡು ವಾರ ಕಳೆದರೂ ಕಾಮಾಲೆ ಇಳಿಯದೆ, ಮಲವು ಹಳದಿಯ ಬದಲು ಸುಣ್ಣದಂತೆ ಅಥವಾ ಜೇಡಿಮಣ್ಣಿನಂತೆ ಬೆಳ್ಳಗಿದ್ದಲ್ಲಿ ಅದು ಪಿತ್ತನಾಳ ಮುಚ್ಚಿರುವ ಕಾಯಿಲೆಯ ಸೂಚನೆಯಾಗಿರಬಹುದು. ಈ ಕಾಯಿಲೆಗೆ ಶಸ್ತ್ರಚಿಕಿತ್ಸೆಯು ಎರಡು ತಿಂಗಳೊಳಗೆ ನಡೆದಲ್ಲಿ ಫಲ ಹೆಚ್ಚು. ‘ಕಾಮಾಲೆ ತಾನಾಗಿ ಇಳಿಯುತ್ತದೆ, ಬಿಸಿಲಿಗೆ ಹಿಡಿಯಿರಿ’ ಎಂಬ ಮಾತಿಗೆ ಕಾಯುತ್ತಾ ಕುಳಿತು ಕಳೆದುಹೋದ ವಾರಗಳು ಮರಳಿ ಬರುವುದಿಲ್ಲ. ದಕ್ಷಿಣ ಬೆಂಗಳೂರಿನ ನಿವಾಸಿಗಳು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್, ಜಯನಗರ ಸಾರ್ವಜನಿಕ ಆಸ್ಪತ್ರೆ, ಹಾಗೂ ನಿಮ್ಹಾನ್ಸ್ ಸಮೀಪದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯನ್ನು ಸಂಪರ್ಕಿಸಬಹುದು. ತುರ್ತು ಸಂದರ್ಭದಲ್ಲಿ 108ಕ್ಕೆ ಕರೆಮಾಡುವುದು.

ಅಂಗನವಾಡಿ ಮತ್ತು ಶಿಶುವಿಹಾರದ ಸೇವೆಗಳು

ಅಂಗನವಾಡಿಯ ಸೇವೆಗಳು ಮೂರು ವರ್ಷದ ನಂತರ ಆರಂಭವಾಗುತ್ತವೆ ಎಂಬುದು ತಪ್ಪು ತಿಳಿವಳಿಕೆ. ಗರ್ಭಿಣಿ ಹಾಗೂ ಬಾಣಂತಿಯರಿಗೂ, ಆರು ತಿಂಗಳು ತುಂಬಿದ ಮಕ್ಕಳಿಗೂ ಪೂರಕ ಪೌಷ್ಟಿಕ ಆಹಾರದ ಸೌಲಭ್ಯವಿದೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವಿರುತ್ತದೆ. ನೋಂದಣಿಗೆ ಶುಲ್ಕವಿಲ್ಲ. ಬಾಡಿಗೆ ಮನೆಯವರೂ ಬೇರೆ ಜಿಲ್ಲೆಗಳಿಂದ ಕೆಲಸಕ್ಕೆ ಬಂದವರೂ ತಾವು ವಾಸವಿರುವ ಪ್ರದೇಶದ ಕೇಂದ್ರದಲ್ಲಿ ವಿಚಾರಿಸಬಹುದು.

ಮಗುವಿಗೆ ಶೌಚದ ಅಭ್ಯಾಸವಾಗಿರಬೇಕೆಂಬುದು ಅಂಗನವಾಡಿ ಪ್ರವೇಶದ ಷರತ್ತಲ್ಲ. ಕೆಲವು ಖಾಸಗಿ ಶಿಶುವಿಹಾರಗಳು ಎರಡೂವರೆ ವರ್ಷಕ್ಕೇ ಇದನ್ನು ಕೇಳುವುದರಿಂದ ಪೋಷಕರು ಆತುರಪಟ್ಟು, ಪ್ರವೇಶದ ತಿಂಗಳು ಹತ್ತಿರವಾದಂತೆ ಮಗುವಿನ ಮೇಲೆ ಒತ್ತಡ ಹೇರುವುದು ಕಂಡುಬರುತ್ತದೆ. ಬ್ರೇಝಲ್ಟನ್ ಅವರ ದಾಖಲೆಗಳಲ್ಲಿಯೇ ಮಕ್ಕಳು ಹಗಲಿನ ಹತೋಟಿ ಸಾಧಿಸಿದ ಸರಾಸರಿ ವಯಸ್ಸು 28.5 ತಿಂಗಳು. ಸರಾಸರಿ ಎಂದ ಮೇಲೆ ಅನೇಕ ಆರೋಗ್ಯವಂತ ಮಕ್ಕಳು ಅದಕ್ಕಿಂತ ತಡವಾಗಿ ಸಾಧಿಸಿದರೆಂದೇ ಅರ್ಥ. ಮಗುವು ಇನ್ನೂ ಕಲಿಯುತ್ತಿದ್ದಲ್ಲಿ ಸೇರಿಸುವ ದಿನವೇ ಕಾರ್ಯಕರ್ತೆಗೆ ತಿಳಿಸಿ, ಮನೆಯಲ್ಲಿ ಬಳಸುವ ಮಾತು ಯಾವುದು, ‘ಸುಸ್ಸು’ ಎನ್ನುತ್ತದೆಯೋ ‘ಉಚ್ಚೆ’ ಎನ್ನುತ್ತದೆಯೋ, ಎಂಬುದನ್ನೂ ಹೇಳಿ, ಎರಡು ಜೊತೆ ಚಡ್ಡಿಗಳನ್ನು ಚೀಲದಲ್ಲಿ ಇಟ್ಟು ಕಳುಹಿಸಬೇಕು. ಮನೆಯಲ್ಲಿ ತೆಲುಗು, ತಮಿಳು, ಉರ್ದು ಅಥವಾ ಹಿಂದಿ ಆಡುವ ಮಕ್ಕಳ ವಿಷಯದಲ್ಲಿ ಇದು ಚಿಕ್ಕ ಮಾತಲ್ಲ. ಹೇಳಿದ್ದು ಅರ್ಥವಾಗದೆ ಹೋದದ್ದರಿಂದಲೇ ಎಷ್ಟೋ ಮಕ್ಕಳು ಮೊದಲ ವಾರ ಬಟ್ಟೆ ತೋಯಿಸಿಕೊಳ್ಳುತ್ತಾರೆ.

ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕೆಂದೂ, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಮಗುವನ್ನು ಕಾಣಲು ಅವಕಾಶ ನೀಡಬೇಕೆಂದೂ 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ ವಿಧಿಸಲಾಗಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಅಂಶಗಳನ್ನು ಉಳಿಸಿಕೊಳ್ಳಲಾಗಿದೆ. ಆ ನಾಲ್ಕು ಭೇಟಿಗಳಲ್ಲಿ ಹಾಲೂಡಿಸಿದ ನಂತರ ಒಂದೆರಡು ಬಾರಿ ಕೂರಿಸಿದರೂ ತವರಿನಲ್ಲಿ ಆದ ಅಭ್ಯಾಸ ತಪ್ಪದಂತೆ ನೋಡಿಕೊಳ್ಳಬಹುದು.

ಆಶಾ ಕಾರ್ಯಕರ್ತೆಯರು ಹೆರಿಗೆಯ ನಂತರ 3, 7, 14, 21, 28 ಹಾಗೂ 42ನೇ ದಿನಗಳಂದು, ಆಮೇಲೆ 3, 6, 9, 12 ಮತ್ತು 15ನೇ ತಿಂಗಳುಗಳಲ್ಲಿ ಮನೆಗೆ ಭೇಟಿ ನೀಡುವ ವ್ಯವಸ್ಥೆಯಿದೆ. ಮೇಲ್ಕಂಡ ಯಾವುದೇ ವಿಷಯದ ಬಗ್ಗೆ ಆ ಸಂದರ್ಭದಲ್ಲಿ ಕೇಳಿ ತಿಳಿಯಬಹುದು. ತವರಿನಿಂದ ಮರಳಿದವರು ಹೊಸ ವಿಳಾಸವನ್ನು ಅಲ್ಲಿನ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸದಿದ್ದಲ್ಲಿ ಈ ಭೇಟಿಗಳು ತಪ್ಪಿಹೋಗುತ್ತವೆ. ಹೋಗುವಾಗ ತಾಯಿ ಕಾರ್ಡ್ ಅನ್ನು ಜೊತೆಗೆ ಕೊಂಡೊಯ್ಯುವುದು. ಅಂಗನವಾಡಿ ಕೇಂದ್ರದ ಸೇವೆ ದೊರೆಯದಿದ್ದಲ್ಲಿ ಸಂಬಂಧಪಟ್ಟ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಲಿಖಿತವಾಗಿ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಬಹುದಾಗಿದೆ.